ಒಂದೇ ಕೋಣೆಯಲ್ಲಿ ಆರು ಮನೆಮಾತು: ನಲಿ-ಕಲಿ ತರಗತಿಯಲ್ಲಿ ನೀವೇನು ಮಾಡುತ್ತೀರಿ?

ಕೇಳಿದವರು: ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿ

ಬೆಂಗಳೂರು ಹೊರವಲಯದ ಸರ್ಕಾರಿ ಶಾಲೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ತರಗತಿ ನನ್ನದು. ಸುತ್ತ ಕಟ್ಟಡದ ಕೆಲಸ ನಡೆಯುತ್ತಿರುವುದರಿಂದ ಅರ್ಧಕ್ಕರ್ಧ ಮಕ್ಕಳು ಯಾದಗಿರಿ, ರಾಯಚೂರು ಕಡೆಯವರು. ಊರಿನ ಮಕ್ಕಳು ಒಂದಷ್ಟು. ಉಳಿದವರು ಬಿಹಾರ, ಒಡಿಶಾ, ನೇಪಾಳದಿಂದ ಬಂದವರು, ಮನೆಯಲ್ಲಿ ಉರ್ದು, ತೆಲುಗು ಮಾತಾಡುವವರು. ಒಡಿಶಾದ ಒಬ್ಬ ಹುಡುಗಿ ಸೇರಿದಾಗಿನಿಂದ ಬಾಯೇ ಬಿಟ್ಟಿಲ್ಲ. ಯಾದಗಿರಿ ಮಕ್ಕಳು ಮಾತಾಡಿದರೆ ಊರಿನ ಮಕ್ಕಳು ನಗುತ್ತಾರೆ. ಯಾವುದರಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ.

ಆನೇಕಲ್ ಕಡೆಯ ಶಿಕ್ಷಕಿ:

ಮೇಡಂ, ಆ ಹುಡುಗಿಗೆ "ಮಾತಾಡು, ಮಾತಾಡು" ಅಂತ ಬೆನ್ನು ಬೀಳಬೇಡಿ. ಹೊಸ ಭಾಷೆಯ ನಡುವೆ ಬಂದ ಮಗು ತಿಂಗಳುಗಟ್ಟಲೆ ಸುಮ್ನೆ ಇರುವುದು ಮಾಮೂಲು. ಅಷ್ಟೂ ದಿನ ಕಿವಿ ಕೆಲಸ ಮಾಡುತ್ತಿರುತ್ತದೆ. ಬಾಯಿಂದ ಉತ್ತರ ಬೇಡದ ಕೆಲಸ ಹೇಳಿ ನೋಡಿ. "ಕೆಂಪು ಮಣಿ ತಗೊಂಡು ಬಾ", "ರ ಇರುವ ಕಾರ್ಡ್ ತೋರಿಸು", "ಬಾಗಿಲು ಹಾಕು". ಕೈಸನ್ನೆ ಮಾಡದೆ ಹೇಳಿ. ಮಾಡಿದಳು ಅಂದರೆ ಕಲಿಯುತ್ತಿದ್ದಾಳೆ, ಚಿಂತೆ ಬೇಡ. ಇನ್ನೊಂದು, ಮನೆಯಲ್ಲಿ ಮಾತಾಡುತ್ತಾಳಾ ಅಂತ ಅವರಮ್ಮನನ್ನು ಕೇಳಿ. ಅಲ್ಲೂ ಮಾತಿಲ್ಲ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಅಂದರೆ ಅದು ಭಾಷೆಯ ವಿಷಯ ಅಲ್ಲ. ಕಿವಿ ಪರೀಕ್ಷೆ ಮಾಡಿಸಬೇಕು. ಶಾಲೆಗೆ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಹೇಳಿದರೆ ಮುಂದಿನ ದಾರಿ ಅವರೇ ತೋರಿಸುತ್ತಾರೆ.

ಕೂರಿಸುವ ವಿಷಯ. ಕಾರ್ಡ್ ಪ್ರಕಾರ ಯಾವ ತಟ್ಟೆಯೋ, ಅಂದರೆ ಯಾವ ಗುಂಪೋ, ಅಲ್ಲೇ ಕೂರಬೇಕು, ಸರಿ. ಆದರೆ ಪಕ್ಕದಲ್ಲಿ ಯಾರು ಅನ್ನುವುದು ನಮ್ಮ ಕೈಯಲ್ಲೇ ಇದೆ. ಎಲ್ಲರೂ ಜಾಣ ಮಗುವಿನ ಪಕ್ಕ ಕೂರಿಸುತ್ತಾರೆ. ನನ್ನ ಪ್ರಕಾರ ಅದು ದಂಡ. ಜಾಣ ಮಗು ಇವಳ ಕೆಲಸವನ್ನೂ ತಾನೇ ಮಾಡಿ ಮುಗಿಸಿಬಿಡುತ್ತದೆ. ಬಾಯಿಬಡುಕಿ ಒಬ್ಬಳನ್ನು ಹುಡುಕಿ ಕೂರಿಸಿ. ನಮ್ಮಲ್ಲಿ ಬಿಹಾರದ ಒಬ್ಬ ಹುಡುಗ ಹೀಗೇ ಮೂಗನ ಹಾಗೆ ಇದ್ದ. ಒಂದು ದಿನ ಅಂಗಳದಲ್ಲಿ ಕುಂಟೆಬಿಲ್ಲೆ ಆಡುವಾಗ ಪಕ್ಕದವಳ ಕಾಲು ಗೆರೆಗೆ ತಾಗಿತು. "ಏ, ಗೆರೆ ತುಳಿದೆ ನೀನು! ಔಟು! ಹೋಗಾಚೆ!" ಅಂತ ಇಡೀ ಶಾಲೆಗೆ ಕೇಳುವ ಹಾಗೆ ಕೂಗಿದ. ನಾವು ಕೇಳಿದ ಅವನ ಮೊದಲ ಕನ್ನಡ ಅದೇ, ಜಗಳದ ಕನ್ನಡ. ಆಮೇಲೆ ಅವನ ಬಾಯಿ ಮುಚ್ಚಿಸುವುದೇ ನಮಗೆ ಕೆಲಸವಾಯಿತು. ಹಾಗಾಗಿ ಅಂಗಳದ ಆಟವನ್ನು ಪೋರ್ಷನ್ ಮುಗಿಯಲಿಲ್ಲ ಅಂತ ಕತ್ತರಿಸಬೇಡಿ.

ಮನೆಮಾತನ್ನು ತರಗತಿಯಿಂದ ಹೊರಗೆ ಅಟ್ಟಬೇಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಒಂದೇ ಚಿತ್ರಕಥೆ ಕನ್ನಡದಲ್ಲೂ ಒಡಿಯಾದಲ್ಲೂ ಹಿಂದಿಯಲ್ಲೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಓದಲು ಬರುವ ಅಕ್ಕನೋ ಅಣ್ಣನೋ ಇದ್ದರೆ ಮನೆಯಲ್ಲಿ ಅವರ ಭಾಷೆಯಲ್ಲಿ ಓದಿಸಿ. ಮರುದಿನ ನೀವು ಕನ್ನಡದಲ್ಲಿ ಓದಿ. ಕಥೆ ಗೊತ್ತಿದ್ದ ಮಗು ಪುಟ ತಿರುಗಿಸುವ ಮೊದಲೇ ಬೆರಳು ತೋರಿಸುತ್ತದೆ, ನೋಡಿ ಬೇಕಾದರೆ.

ಹೊಸಕೋಟೆ ಕಡೆಯ ಮೇಷ್ಟ್ರು, ಹುಟ್ಟೂರು ಯಾದಗಿರಿ ಜಿಲ್ಲೆಯ ಶಹಾಪುರ:

ನಗುವ ವಿಷಯಕ್ಕೆ ನಾನು ಹೇಳುತ್ತೇನೆ. ಹುಡುಗ "ಸರ್ರ, ನೀರ್ ಕುಡ್ದು ಬರ್ತೀನ್ರಿ" ಅಂದರೆ ಅದರಲ್ಲಿ ತಪ್ಪೇನಿದೆ? ಅದೂ ಕನ್ನಡವೇ ಅಲ್ವಾ? ಮಕ್ಕಳು ತಾವಾಗಿ ನಗುವುದು ಕಡಿಮೆ, ಮೊದಲು ನಮ್ಮ ಮುಖ ನೋಡುತ್ತಾರೆ. ನಾವು ತುಟಿಯಂಚಲ್ಲಿ ನಕ್ಕರೆ ಸಾಕು, ಕ್ಲಾಸಿಗೆ ಕ್ಲಾಸೇ ನಗುತ್ತದೆ. ಮಾತಾಡುವಾಗ ತಿದ್ದುವುದನ್ನು ನಿಲ್ಲಿಸಿ. ಪುಸ್ತಕದ ಕನ್ನಡ ಬರವಣಿಗೆಯಲ್ಲಿ ನಿಧಾನಕ್ಕೆ ಬರುತ್ತದೆ. ಕಥೆ ಹೇಳುವಾಗ ನಡುವೆ ಒಂದು ಪಾತ್ರಕ್ಕೆ ಆ ಕಡೆಯ ಮಾತು ಕೊಡಿ, ನರಿಗೋ ರಾಜನಿಗೋ. ಕಳ್ಳನಿಗೆ ಮಾತ್ರ ಕೊಡಬೇಡಿ.

ಗೈರುಹಾಜರಿ ಬಗ್ಗೆ ನೀವು ಕೇಳಿಲ್ಲ, ಆದರೆ ಆ ತಲೆನೋವು ಬಂದೇ ಬರುತ್ತದೆ. ಸಂಕ್ರಾಂತಿಗೆ ಯಾದಗಿರಿ ಮಕ್ಕಳು ಮೈಲಾಪುರ ಜಾತ್ರೆಗೆ ಹೋಗುತ್ತಾರೆ. ದೀಪಾವಳಿ ಆದ ಆರನೇ ದಿನ ಛಠ್ ಹಬ್ಬ, ಬಿಹಾರದವರು ತಮ್ಮ ಊರಲ್ಲಿರುತ್ತಾರೆ. ಇವನ್ನೆಲ್ಲ ಮೊದಲೇ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹೊರಡುವ ಮುಂಚೆ ಅಭ್ಯಾಸದ ಹಾಳೆ ಕೈಗೆ ಕೊಡಿ. ಬಂದ ಮೇಲೆ ಎಲ್ಲಿ ಬಿಟ್ಟಿದ್ದರೋ ಅದೇ ಕಾರ್ಡಿನಿಂದ ಶುರು. ನಲಿ-ಕಲಿಯ ದೊಡ್ಡ ಅನುಕೂಲವೇ ಅದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಕೂತು ಇದನ್ನು ಕಟ್ಟಿದಾಗ ಅವರ ಮುಂದಿದ್ದವರೂ ಹೀಗೆ ಬಂದು ಹೋಗುವ ಮಕ್ಕಳೇ. ನಾವು ಎಲ್ಲರನ್ನೂ ಒಂದೇ ಮೈಲಿಗಲ್ಲಿಗೆ, ಅಂದರೆ ಕಲಿಕೆಯ ಒಂದೇ ಹಂತಕ್ಕೆ, ಎಳೆದು ತಂದು ಆ ಅನುಕೂಲವನ್ನು ಕೆಡಿಸುತ್ತೇವೆ.

ನಿವೃತ್ತ ಮುಖ್ಯೋಪಾಧ್ಯಾಯಿನಿ, ತುಮಕೂರು:

ಮೇಲಿನವರಿಬ್ಬರೂ ಹೇಳಿದ್ದು ಸರಿ. ಆದರೆ ಭಾಷೆ ಒಂದೇ ಅಲ್ಲಮ್ಮ. ಒಂದು ವಾರ ಸುಮ್ನೆ ಗಮನಿಸು. ಕಸ ಗುಡಿಸು ಅಂತ ಯಾರನ್ನು ಕರೆಯುತ್ತಿದ್ದೀಯ? ನೀರಿನ ಕೊಡ ಮುಟ್ಟು ಅಂತ ಯಾರನ್ನು? ಬಿಸಿಯೂಟದ ಸಾಲಿನಲ್ಲಿ ಯಾರು ತಾವಾಗಿ ಕೊನೆಗೆ ಹೋಗಿ ನಿಲ್ಲುತ್ತಾರೆ? ಕೆಲಸ ಸರದಿ ಪ್ರಕಾರ ಆಗಲಿ, ಹೆಸರು ಬರೆದು ಗೋಡೆಗೆ ಅಂಟಿಸು, ನಿನ್ನ ಹೆಸರೂ ಇರಲಿ.

ವಿದ್ಯಾರ್ಥಿವೇತನದ ಸಮಯದಲ್ಲಿ "ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ" ಅನ್ನುವ ಅಭ್ಯಾಸ ಇನ್ನೂ ಎಷ್ಟೋ ಕಡೆ ಇದೆ. ದಯವಿಟ್ಟು ಬೇಡ. ಪಟ್ಟಿ ಆಫೀಸಿನಲ್ಲೇ ಇರುತ್ತದೆ. ಒಬ್ಬೊಬ್ಬರನ್ನೇ ಕರೆದು ಕಾಗದ ಕೊಟ್ಟರೆ ಆಯಿತು. ಮತ್ತೆ ಈ "ನಿಮ್ಮ ರಾಜ್ಯದ ಉಡುಪು ಹಾಕಿಕೊಂಡು ಬನ್ನಿ" ದಿನಾಚರಣೆಗಳು. ನನಗೆ ಅಷ್ಟು ಹಿಡಿಸಿಲ್ಲ. ಫೋಟೋಕ್ಕೆ ಚೆಂದ, ಶೆಡ್ಡಿನಲ್ಲಿರುವ ತಾಯಿ ಮಾತ್ರ ಉಡುಪು ಎಲ್ಲಿಂದ ತರಲಿ ಅಂತ ಒದ್ದಾಡುತ್ತಾಳೆ.

ಪೋಷಕರ ಸಭೆ ವಾರದ ದಿನ ಹನ್ನೊಂದು ಗಂಟೆಗೆ ಕರೆದು, ಯಾರೂ ಬರಲಿಲ್ಲ ಅನ್ನುವುದು ತಪ್ಪು. ಬಂದರೆ ಅವರ ಆ ದಿನದ ಕೂಲಿ ಹೋಗುತ್ತದೆ. ಸಂಜೆ ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿಯವರ) ಜೊತೆ ಶೆಡ್ ಕಡೆ ಹೋಗಿ ಬಾ, ಮೇಸ್ತ್ರಿಯನ್ನೂ ಪರಿಚಯ ಮಾಡಿಕೋ. ಕೆಲಸ ಮುಗಿದು ಇಡೀ ಗುಂಪು ಬೇರೆ ಕಡೆ ಹೊರಡುವ ಸುದ್ದಿ ಮೊದಲು ಗೊತ್ತಾಗುವುದು ಅವನಿಗೇ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಬಾಯಿಬಡುಕಿ ನಮ್ಮಲ್ಲೂ ಒಬ್ಬಳಿದ್ದಾಳೆ, ನಾಳೆಯೇ ಜಾಗ ಬದಲು. ಇನ್ನೊಂದು ಪ್ರಶ್ನೆ: ಒಂಬತ್ತು ವರ್ಷದ ಹುಡುಗ, ಟಿಸಿ ಇಲ್ಲ, ಆಧಾರ್ ಇಲ್ಲ. ತಮ್ಮನನ್ನು ಬಿಡಲು ದಿನಾ ಗೇಟಿನವರೆಗೆ ಬಂದು ವಾಪಸ್ ಹೋಗುತ್ತಾನೆ. ಅವನನ್ನು ಸೇರಿಸಿಕೊಳ್ಳಬಹುದಾ?

ನಿವೃತ್ತ ಮುಖ್ಯೋಪಾಧ್ಯಾಯಿನಿ, ತುಮಕೂರು:

ಸೇರಿಸಿಕೊಳ್ಳಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತು ಅಂತ ದಾಖಲಾತಿ ನಿರಾಕರಿಸುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ನಿರಾಕರಿಸುವ ಹಾಗಿಲ್ಲ, ಅದು 14ನೇ ಸೆಕ್ಷನ್. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದಿದ್ದನ್ನು ವಿಶೇಷ ತರಬೇತಿ ಕೊಟ್ಟು ತುಂಬಬೇಕು. ಒಂದನೇ ತರಗತಿಯಲ್ಲಿ ತಮ್ಮನ ಪಕ್ಕ ಕೂರಿಸಬೇಡ. ಕರ್ನಾಟಕದ ಶಾಲೆಯಲ್ಲಿ ಓದಿದ್ದರೆ ಎಸ್‌ಎಟಿಎಸ್ ನಂಬರ್ (ಮಕ್ಕಳ ಆನ್‌ಲೈನ್ ಶಾಲಾ ದಾಖಲೆಯ ನಂಬರ್) ಇರುತ್ತದೆ, ಹಳೇ ಶಾಲೆಗೆ ಒಂದು ಫೋನ್ ಮಾಡಿ ಕೇಳು. ಸಿಗದಿದ್ದರೆ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಹೇಳು. ಅಲ್ಲಿಯವರೆಗೆ ಒಳಗೆ ಕರೆದು ಸ್ಲೇಟು ಕೊಡು, ಅಡುಗೆಯವರಿಗೆ ಒಂದು ತಟ್ಟೆ ಜಾಸ್ತಿ ಅಂತ ಬೆಳಿಗ್ಗೆಯೇ ತಿಳಿಸು.