ಜೆರ್ಸಿಯ ಬೆನ್ನಿಗೆ ಯಾರ ಹೆಸರು? ಚೆಲ್ಸಿ ಅಭಿಮಾನಿಗಳ ಅನುಭವ ಹಂಚಿಕೆ

ಸಲಹೆ ಕೇಳಿದವರು, ಬೆಂಗಳೂರು

ನಮಸ್ಕಾರ. ಇಪ್ಪತ್ತು ವರ್ಷಗಳಿಂದ ಲಂಡನ್ನಿನ ಫುಟ್‌ಬಾಲ್ ಕ್ಲಬ್ ಚೆಲ್ಸಿಯ ಪಂದ್ಯಗಳನ್ನು ನಿದ್ದೆಗೆಟ್ಟು ನೋಡುತ್ತ ಬಂದವನು ನಾನು. 2021ರಲ್ಲಿ ತಂಡ ಯುರೋಪಿನ ಕ್ಲಬ್ಬುಗಳ ಅತಿದೊಡ್ಡ ಸ್ಪರ್ಧೆಯಾದ ಚಾಂಪಿಯನ್ಸ್ ಲೀಗ್ ಗೆದ್ದ ಸಂತೋಷಕ್ಕೆ ಮಗನಿಗೆ ಮೇಸನ್ ಮೌಂಟ್ ಹೆಸರಿನ ಜೆರ್ಸಿ ಕೊಡಿಸಿದೆ. 2023ರಲ್ಲಿ ಮೌಂಟ್ ಮ್ಯಾಂಚೆಸ್ಟರ್ ಯುನೈಟೆಡ್ ಪಾಲಾದರು. ಮಗನನ್ನು ಸಮಾಧಾನಪಡಿಸಿ ಕಾನರ್ ಗ್ಯಾಲಗರ್ ಹೆಸರು ಹಾಕಿಸಿಕೊಟ್ಟರೆ, ಮರುವರ್ಷ ಅವರನ್ನೂ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಮಾರಲಾಯಿತು. ಇಬ್ಬರೂ ಎಳೆಯ ವಯಸ್ಸಿನಿಂದ ಅದೇ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದವರು. ಈಗ ಹುಟ್ಟುಹಬ್ಬ ಹತ್ತಿರ ಬಂದಿದೆ, ಯಾರ ಹೆಸರು ಹಾಕಿಸೋಣ ಎಂದು ಮಗ ಕೇಳುತ್ತಿದ್ದಾನೆ, ನನ್ನಲ್ಲಿ ಉತ್ತರವಿಲ್ಲ. ಸೋಲು ನನಗೆ ಹೊಸದಲ್ಲ. ಆದರೆ ಆಟಗಾರರ ಪರಿಚಯವಾಗುವ ಮೊದಲೇ ಅವರು ಹೊರಟುಹೋಗುವ ಈ ಪದ್ಧತಿಯನ್ನು ಹೇಗೆ ಸಹಿಸಿಕೊಳ್ಳುವುದು ಎಂದು ತಿಳಿಯುತ್ತಿಲ್ಲ. ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ಹಂಚಿಕೊಳ್ಳಿ.

ಮೈಸೂರಿನಿಂದ

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ, ಅಭಿಮಾನದಿಂದ ನಿಮ್ಮದೇ ತಂಡದವನು. ನನ್ನ ಸಿಟ್ಟು ಸ್ವಲ್ಪವಾದರೂ ತಣಿದದ್ದು ಲೆಕ್ಕದ ಪುಸ್ತಕದ ಕಡೆಯಿಂದ ನೋಡಲು ಆರಂಭಿಸಿದ ಮೇಲೆ. ಆದ್ದರಿಂದ ಅದನ್ನೇ ವಿವರಿಸುತ್ತೇನೆ.

2022ರ ಮೇ ತಿಂಗಳಲ್ಲಿ ಅಮೆರಿಕದ ಉದ್ಯಮಿ ಟಾಡ್ ಬೋಲಿ ಮತ್ತು ಹೂಡಿಕೆ ಸಂಸ್ಥೆ ಕ್ಲಿಯರ್‌ಲೇಕ್ ಕ್ಯಾಪಿಟಲ್ ನೇತೃತ್ವದ ಗುಂಪು 250 ಕೋಟಿ ಪೌಂಡ್ ಕೊಟ್ಟು ಕ್ಲಬ್ಬನ್ನು ಕೊಂಡಿತು. ಹಿಂದಿನ ಮಾಲೀಕ ರೋಮನ್ ಅಬ್ರಮೊವಿಚ್ ಕೂಡ ಹಣವನ್ನು ನೀರಿನಂತೆ ಸುರಿದವರೇ, ಹಾಗಾಗಿ ಖರ್ಚು ನಮಗೆ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ಒಪ್ಪಂದದ ಉದ್ದ. ಒಂದು ಕಾರ್ಖಾನೆ ಯಂತ್ರವನ್ನು ಕೊಂಡರೆ ಅದರ ಬೆಲೆಯನ್ನು ಬಾಳಿಕೆಯ ವರ್ಷಗಳಿಗೆ ಹಂಚಿ ಪ್ರತಿವರ್ಷ ಸವಕಳಿ ಬರೆಯುವಂತೆ, ಫುಟ್‌ಬಾಲ್ ಕ್ಲಬ್ಬುಗಳು ಆಟಗಾರನನ್ನು ತರಲು ಅವನ ಹಿಂದಿನ ಕ್ಲಬ್ಬಿಗೆ ಕೊಟ್ಟ ವರ್ಗಾವಣೆ ಮೊತ್ತವನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತವೆ. 8 ಕೋಟಿ ಪೌಂಡ್ ಕೊಟ್ಟು ತಂದ ಆಟಗಾರನಿಗೆ ಐದು ವರ್ಷದ ಒಪ್ಪಂದವಿದ್ದರೆ ವರ್ಷಕ್ಕೆ 1.6 ಕೋಟಿ ಖರ್ಚು ಕಾಣಿಸುತ್ತದೆ, ಎಂಟು ವರ್ಷದ ಒಪ್ಪಂದವಿದ್ದರೆ ಒಂದೇ ಕೋಟಿ. ಇಂಗ್ಲೆಂಡಿನ ಅಗ್ರ ಲೀಗಾದ ಪ್ರೀಮಿಯರ್ ಲೀಗಿನ ಆಗಿನ ನಿಯಮದಂತೆ ಮೂರು ವರ್ಷಗಳಲ್ಲಿ ಒಟ್ಟು ನಷ್ಟ 10.5 ಕೋಟಿ ಪೌಂಡ್ ಮೀರುವಂತಿರಲಿಲ್ಲವಾದ್ದರಿಂದ ಈ ವ್ಯತ್ಯಾಸ ಬಹಳ ದೊಡ್ಡದಾಗಿತ್ತು. 2023ರ ಜನವರಿಯಲ್ಲಿ ಮಿಖೈಲೊ ಮುದ್ರಿಕ್ ಅವರಿಗೂ, 10.68 ಕೋಟಿ ಪೌಂಡ್ ಬೆಲೆಯ ಎಂಜೊ ಫರ್ನಾಂಡಿಸ್ ಅವರಿಗೂ ಎಂಟೂವರೆ ವರ್ಷಗಳ ಒಪ್ಪಂದ ಕೊಟ್ಟದ್ದು ಇದೇ ಲೆಕ್ಕಾಚಾರದಿಂದ. ಆ ವರ್ಷವೇ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎ, ಡಿಸೆಂಬರಿನಲ್ಲಿ ಪ್ರೀಮಿಯರ್ ಲೀಗ್, ಹೊಸ ಒಪ್ಪಂದಗಳ ಖರ್ಚನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲಕ್ಕೆ ಹಂಚಬಾರದೆಂದು ನಿಯಮ ಮಾಡಿದವು.

ಇನ್ನು ನಿಮ್ಮ ಮಗನ ಎರಡು ಜೆರ್ಸಿಗಳ ವಿಷಯ. ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇರುವುದಿಲ್ಲ. ಅವನನ್ನು ಮಾರಿದರೆ ಬಂದ ಹಣವಷ್ಟೂ ಆ ವರ್ಷದ ಲಾಭ. ಹತ್ತು ಕೋಟಿಗೆ ಕೊಂಡವನನ್ನು ಮಾರಿದರೆ ಇನ್ನೂ ಸವಕಳಿ ಬರೆಯದೆ ಉಳಿದ ಬೆಲೆಯನ್ನು ಕಳೆದ ಮೇಲೆ ಸಿಗುವುದು ಅಷ್ಟಕ್ಕಷ್ಟೆ. ಅಂದರೆ ಹೊಸಬರನ್ನು ತರಲು ಮನೆಮಗನನ್ನೇ ಮೊದಲು ಮಾರಬೇಕಾಗುವಂತೆ ನಿಯಮದ ರಚನೆಯೇ ಪ್ರೇರೇಪಿಸುತ್ತದೆ, ಮಾಲೀಕರು ಆ ಪ್ರೇರಣೆಗೆ ಪೂರ್ತಿಯಾಗಿ ತಲೆಬಾಗಿದರು. ನನ್ನ ಆಕ್ಷೇಪ ಇರುವುದು ಈ ಎರಡನೆಯ ಮಾತಿಗೆ. ನಿಯಮ ಎಲ್ಲರಿಗೂ ಒಂದೇ ಇದ್ದರೂ ಎಲ್ಲ ಕ್ಲಬ್ಬುಗಳೂ ಹೀಗೆ ನಡೆದುಕೊಂಡಿಲ್ಲ.

2021ರ ಮೇ 29ರಂದು ಪೋರ್ಚುಗಲ್ಲಿನ ಪೋರ್ಟೊದಲ್ಲಿ, ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ, ಮ್ಯಾಂಚೆಸ್ಟರ್ ಸಿಟಿಯನ್ನು 1-0ರಿಂದ ಮಣಿಸಿದ ಆ ಗೋಲನ್ನು ಒಮ್ಮೆ ನೆನೆಯಿರಿ. ಚೆಂಡು ಗೋಲ್‌ಕೀಪರ್ ಎಡುವಾರ್ ಮೆಂಡಿಯಿಂದ ಹೊರಟು ಮುಂದೆ ಸಾಗಿ ಬಂತು, ಮೌಂಟ್ ರಕ್ಷಣೆಯನ್ನು ಸೀಳಿ ದಾಟಿಸಿದರು, ಕಾಯ್ ಹಾವರ್ಟ್ಜ್ ಗುರಿ ಮುಟ್ಟಿಸಿದರು. ಆ ಮೂವರೂ 2023ರ ಒಂದೇ ಬೇಸಿಗೆಯಲ್ಲಿ ಕ್ಲಬ್ಬಿನಿಂದ ಹೊರನಡೆದರು. ಎನ್‌ಗೊಲೊ ಕಾಂಟೆ, ನಾಯಕ ಅಜ್ಪಿಲಿಕ್ವೆಟಾ ಕೂಡ ಅದೇ ಬೇಸಿಗೆಯಲ್ಲಿ. ಅವರಲ್ಲಿ ಕೆಲವರ ಸಮಯ ಮುಗಿದಿತ್ತು ಎಂಬುದನ್ನು ಒಪ್ಪುತ್ತೇನೆ, ಆದರೆ ಹೊಸಬರಿಗೆ ಕ್ಲಬ್ಬಿನ ರೀತಿನೀತಿ ಹೇಳಿಕೊಡಲು ಹಿರಿಯರೇ ಉಳಿಯದಂತೆ ಒಮ್ಮೆಗೇ ಗುಡಿಸಿಹಾಕಿದ್ದು ತಪ್ಪೆಂದೇ ಈಗಲೂ ನಂಬಿದ್ದೇನೆ. ಅದಕ್ಕೂ ಮುನ್ನ 2022–23ರಲ್ಲಿ ಟೂಕೆಲ್, ಪಾಟರ್, ಲ್ಯಾಂಪಾರ್ಡ್ ಎಂದು ತರಬೇತುದಾರರೂ ಬದಲಾಗುತ್ತ ಹೋಗಿ ತಂಡ ಹನ್ನೆರಡನೆಯ ಸ್ಥಾನಕ್ಕೆ ಬಿದ್ದಿತ್ತು.

ಒಪ್ಪಂದದ ಉದ್ದ ನೋಡಿ ಹೆಸರನ್ನು ಆರಿಸಬೇಡಿ ಎಂಬುದು ನನ್ನ ಸಲಹೆ. ಜಾವೊ ಫೆಲಿಕ್ಸ್ 2024ರ ಆಗಸ್ಟಿನಲ್ಲಿ ಆರು ವರ್ಷಕ್ಕೆ ಸಹಿ ಹಾಕಿ, ಆರು ತಿಂಗಳೊಳಗೆ ಎರವಲಾಗಿ ಮಿಲಾನ್ ಸೇರಿದರು. ಮರುಬೇಸಿಗೆಯಲ್ಲಿ ಅವರನ್ನು ಸೌದಿ ಅರೇಬಿಯಾದ ಕ್ಲಬ್ಬಿಗೆ ಮಾರಲಾಯಿತು. ಅಕಾಡೆಮಿಯ ಹುಡುಗರ ಹೆಸರು ಇನ್ನೂ ಅಪಾಯದ್ದು, ಕಾರಣ ಮೇಲೆ ಹೇಳಿದ್ದೇನೆ.

ಸ್ಟ್ರಾಸ್‌ಬರ್ಗ್ ಸಮೀಪದಿಂದ

ನಾನು ರೈನ್ ನದಿಯ ಜರ್ಮನಿ ದಡದಲ್ಲಿರುವ ಕೇಲ್‌ನಲ್ಲಿ ವಾಸಿಸುವ ಹಾಸನದವನು. ಸೇತುವೆ ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್, ಅಲ್ಲಿನ ರೇಸಿಂಗ್ ಕ್ಲಬ್ಬೇ ನನ್ನ ತಂಡ. ಚೆಲ್ಸಿಯ ಮಾಲೀಕರ ಸಂಸ್ಥೆಯೇ 2023ರ ಜೂನ್‌ನಲ್ಲಿ ಇದನ್ನೂ ಕೊಂಡಿತು. ನಿಮ್ಮ ಕ್ಲಬ್ಬಿಗೆ ಅನ್ಯಾಯವಾಗಿದೆ ಎಂದು ನಿಮಗೆ ಅನಿಸುವುದಾದರೆ, ನಿಮ್ಮ ಕ್ಲಬ್ಬಿನ ಅನುಕೂಲಕ್ಕಾಗಿ ನಡೆಯುವ ತಂಡದ ಅಭಿಮಾನಿಗಳ ಸ್ಥಿತಿಯನ್ನೂ ಸ್ವಲ್ಪ ಊಹಿಸಿಕೊಳ್ಳಿ.

ನಮ್ಮ ಮೇನೊ ಕ್ರೀಡಾಂಗಣದಲ್ಲಿ ಈ ಮಾಲೀಕತ್ವದ ವಿರುದ್ಧ ಸಂಘಟಿತ ಅಭಿಮಾನಿ ಗುಂಪುಗಳು ಪಂದ್ಯದ ಮೊದಲ ಹದಿನೈದು ನಿಮಿಷ ಒಂದು ಹಾಡನ್ನೂ ಹಾಡದೆ ನಿಂತು ಪ್ರತಿಭಟಿಸಿದವು. ಮೊದಲ ಸಲ ಆ ಮೌನದಲ್ಲಿ ಕುಳಿತಾಗ, ಆಟಗಾರರು ಒಬ್ಬರನ್ನೊಬ್ಬರು ಕೂಗುವುದು, ಬೂಟು ಚೆಂಡಿಗೆ ತಾಗುವ ಸದ್ದು ಸ್ಪಷ್ಟವಾಗಿ ಕೇಳಿ ನನ್ನ ಕಣ್ಣು ತುಂಬಿತು. 2025ರ ಸೆಪ್ಟೆಂಬರಿನಲ್ಲಿ ನಮ್ಮ ನಾಯಕ ಇಮ್ಯಾನ್ಯುಯೆಲ್ ಎಮೆಘಾ ಮುಂದಿನ ಋತುವಿಗೆ ಚೆಲ್ಸಿ ಸೇರುವರೆಂದು ಪ್ರಕಟಿಸಿದಾಗ, ನಾಯಕನ ತೋಳುಪಟ್ಟಿಯನ್ನು ಮರಳಿಸಲು ಕೇಳುವ ಬ್ಯಾನರ್ ಎದ್ದಿತು. ಆಟಗಾರನ ಮೇಲೆ ಹರಿಹಾಯ್ದದ್ದು ನನಗೆ ಸರಿ ಕಾಣಲಿಲ್ಲ, ಅವರು ಇಪ್ಪತ್ತೆರಡರ ಹುಡುಗ. ಆದರೂ ಅಲ್ಲಿನವರ ಹಟ ನನಗೆ ಒಂದು ವಿಷಯ ಕಲಿಸಿತು: ತಂಡ ಚೆನ್ನಾಗಿ ಆಡುತ್ತಿರುವಾಗಲೂ ಪ್ರಶ್ನಿಸಬಹುದು. 2024–25ರಲ್ಲಿ ನಮ್ಮ ತಂಡ ಫ್ರಾನ್ಸಿನ ಲೀಗಿನಲ್ಲಿ ಏಳನೆಯ ಸ್ಥಾನ ಪಡೆದು ಯುರೋಪಿನ ಸ್ಪರ್ಧೆಗೆ ಅರ್ಹತೆ ಗಳಿಸಿತ್ತು. ಅಭಿಮಾನಿಗಳು ಅದಕ್ಕೆ ಹಿಗ್ಗಿದರು, ಪ್ರತಿಭಟನೆಯನ್ನು ಮಾತ್ರ ನಿಲ್ಲಿಸಲಿಲ್ಲ.

ಪುಣೆಯಿಂದ

ನಾನು ಹುಬ್ಬಳ್ಳಿಯವನು, ಪುಣೆಯಲ್ಲಿ ನೆಲೆಸಿದ್ದೇನೆ. 2010ರ ನವೆಂಬರಿನಲ್ಲಿ ಇಲ್ಲಿನ ವೆಂಕೀಸ್ ಸಮೂಹ 2.3 ಕೋಟಿ ಪೌಂಡಿಗೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ಬನ್ನು ಕೊಂಡಾಗ, ನಮ್ಮ ದೇಶದವರ ಕ್ಲಬ್ಬೆಂಬ ಹೆಮ್ಮೆಯಿಂದ ನಾನು ಅದರ ಅಭಿಮಾನಿಯಾದೆ. 1995ರ ಪ್ರೀಮಿಯರ್ ಲೀಗ್ ವಿಜೇತ ಕ್ಲಬ್ ಅದು. ಮರುತಿಂಗಳೇ ಅನುಭವಿ ತರಬೇತುದಾರ ಸ್ಯಾಮ್ ಅಲ್ಲಾರ್‌ಡೈಸ್ ಅವರನ್ನು ಕೈಬಿಟ್ಟು, ಸಿಬ್ಬಂದಿಯಲ್ಲಿದ್ದ ಸ್ಟೀವ್ ಕೀನ್ ಅವರಿಗೆ ಹೊಣೆ ವಹಿಸಲಾಯಿತು. 2012ರ ಮೇ ತಿಂಗಳಲ್ಲಿ ತಂಡ ಕೆಳಗಿನ ಶ್ರೇಣಿಗೆ ಜಾರಿತು. ಆಮೇಲೆ ಬಂದ ಹೆನ್ನಿಂಗ್ ಬರ್ಗ್ 57 ದಿನ ಮಾತ್ರ ಉಳಿದರು. 2017ರಲ್ಲಿ ಮೂರನೆಯ ಶ್ರೇಣಿಗೂ ಇಳಿದದ್ದಾಯಿತು.

ನಿಮ್ಮ ದುಃಖವನ್ನು ಕಡೆಗಣಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಮಾಲೀಕರಲ್ಲಿ ಯೋಜನೆಯೊಂದಾದರೂ ಇದೆ, ಅದನ್ನು ಓದಿ ವಿಮರ್ಶಿಸಬಹುದು. ಯೋಜನೆಯೇ ಕಾಣದ ಕಡೆ ಅಭಿಮಾನಿಗೆ ಊಹೆಯಷ್ಟೇ ಉಳಿಯುತ್ತದೆ. ಅಂಥ ಕಾಲದಲ್ಲಿ ನಾನು ಆಟಗಾರರ ಹೆಸರು ಹಿಡಿಯುವುದನ್ನು ಬಿಟ್ಟು, ನೀಲಿ ಬಿಳಿ ಅರ್ಧರ್ಧದ ಆ ಜೆರ್ಸಿಯನ್ನು ಬೆನ್ನ ಮೇಲೆ ಹೆಸರಿಲ್ಲದೆಯೇ ಧರಿಸುತ್ತ ಬಂದೆ. ಈಗಲೂ ಹಾಗೆಯೇ.

ಮಂಗಳೂರಿನಿಂದ

ಹಿರಿಯರ ಮಾತಿಗೆ ಗೌರವವಿಟ್ಟೇ ಭಿನ್ನಾಭಿಪ್ರಾಯ ಹೇಳುತ್ತೇನೆ. ನಾನು ಚೆಲ್ಸಿಯನ್ನು ನೋಡಲು ಆರಂಭಿಸಿದ್ದೇ 2023ರಲ್ಲಿ, ಕೋಲ್ ಪಾಮರ್ ಬಂದ ವರ್ಷ. ಮ್ಯಾಂಚೆಸ್ಟರ್ ಸಿಟಿಯಲ್ಲಿ ಅವಕಾಶಕ್ಕಾಗಿ ಕಾಯುತ್ತಿದ್ದ ಆ ಹುಡುಗನನ್ನು ಗುರುತಿಸಿ ತಂದದ್ದೂ ಮಾಲೀಕರ ಇದೇ ನೀತಿ. 2025ರ ಮೇ ತಿಂಗಳಲ್ಲಿ ರಿಯಲ್ ಬೆಟಿಸ್ ವಿರುದ್ಧ 4-1ರಿಂದ ಯುರೋಪಿನ ಮೂರನೆಯ ದರ್ಜೆಯ ಸ್ಪರ್ಧೆಯಾದ ಕಾನ್ಫರೆನ್ಸ್ ಲೀಗ್, ಜುಲೈ 13ರಂದು ಪ್ಯಾರಿಸ್ ಸಾನ್ ಜರ್ಮನ್ ವಿರುದ್ಧ 3-0ರಿಂದ ಕ್ಲಬ್ ವಿಶ್ವಕಪ್, ಎರಡೂ ನಮ್ಮದಾದವು. ಆ ಫೈನಲ್‌ನಲ್ಲಿ ಪಾಮರ್ ಎರಡು ಗೋಲು ಹೊಡೆದ ರಾತ್ರಿ ನನ್ನ ಜೀವನದ ಅತ್ಯಂತ ಸಂತೋಷದ ರಾತ್ರಿಗಳಲ್ಲಿ ಒಂದು. ನಿಮ್ಮ ಮಗನಿಗೆ ಪಾಮರ್ ಹೆಸರೇ ಹಾಕಿಸಿ. ಒಂದು ಎಚ್ಚರಿಕೆ: ಅವರ ಸಂಖ್ಯೆ 20 ಇದ್ದದ್ದು ಈಗ 10 ಆಗಿದೆ, ಹಳೆಯ ದಾಸ್ತಾನು ಕೊಳ್ಳಬೇಡಿ.

ಮತ್ತೆ ಮೈಸೂರಿನಿಂದ

ಮಂಗಳೂರಿನವರು ಹೇಳಿದ ಗೆಲುವುಗಳನ್ನು ನಾನೂ ಅಷ್ಟೇ ಸಂಭ್ರಮಿಸಿದೆ. ಅದೇ ಜುಲೈಯಲ್ಲಿ ಹಣಕಾಸಿನ ನಿಯಮ ಮೀರಿದ್ದಕ್ಕೆ ಯುಇಎಫ್‌ಎ ಕ್ಲಬ್ಬಿಗೆ 3.1 ಕೋಟಿ ಯೂರೊ ದಂಡ ವಿಧಿಸಿತು. ಎರಡೂ ಒಂದೇ ನೀತಿಯ ಫಲಗಳಾದ್ದರಿಂದ ಒಂದನ್ನು ಹೇಳುವಾಗ ಇನ್ನೊಂದನ್ನೂ ಹೇಳಬೇಕೆಂದು ನನಗನ್ನಿಸುತ್ತದೆ.

ಸಲಹೆ ಕೇಳಿದವರು, ಬೆಂಗಳೂರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಉತ್ತರಗಳನ್ನೂ ಓದಿ ಹೇಳಿದೆ. ಸವಕಳಿಯ ಲೆಕ್ಕ ಅವನಿಗೆ ನನಗಿಂತ ಬೇಗ ಅರ್ಥವಾಯಿತು. ಪಾಮರ್ ಹೆಸರನ್ನೇ ಹೇಳುವನೆಂದು ನಾನು ಕಾದಿದ್ದೆ. ಅವನು ಕೇಳಿದ್ದು ರೀಸ್ ಜೇಮ್ಸ್, ಸಂಖ್ಯೆ 24. ಅವರೂ ಅಕಾಡೆಮಿಯಲ್ಲೇ ಬೆಳೆದವರು, ಮೈಸೂರಿನವರು ಹೇಳಿದಂತೆ ಮಾರಿದರೆ ಪೂರ್ತಿ ಲಾಭ, ಎಂದು ನೆನಪಿಸಿದೆ. ಪದೇ ಪದೇ ಗಾಯಗೊಂಡು ತಿಂಗಳುಗಟ್ಟಲೆ ಹೊರಗುಳಿದದ್ದನ್ನೂ ಹೇಳಿದೆ. “ಗೊತ್ತಪ್ಪ, ಆದರೆ ಈಗ ಅವರೇ ಕ್ಯಾಪ್ಟನ್, ಪೋರ್ಟೊದಲ್ಲಿಯೂ ಆಡಿದ್ದರು” ಎಂದ. ಬೆಳಗ್ಗೆ ಅದೇ ಹೆಸರಿಗೆ ಹಣ ಕಟ್ಟಿ ಬಂದೆ.