ಪದಚರ್ಚೆ: ಫ್ಯಾನ್ ‘ವೈಫಲ್ಯ’ವೋ, ಫ್ಯಾನ್ ‘ನಿಂತಿದೆ’ಯೋ?

ಪ್ರಶ್ನೆ: ಕಂಟ್ರೋಲ್ ಪ್ಯಾನಲ್ ಒಂದರ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಪೆಟ್ಟಿಗೆಯ ಕೆಳಗೆ ಫಿಲ್ಟರ್, ಮೇಲೆ ಬಿಸಿಗಾಳಿ ಹೊರಹಾಕುವ ಎರಡು ಫ್ಯಾನು. ‘ಫ್ಯಾನ್ ಫೇಲ್ಯೂರ್’ ಎಂಬುದಕ್ಕೆ ಎಲ್ಲೆಡೆ ‘ಫ್ಯಾನ್ ವೈಫಲ್ಯ’ ಎಂದರೆ ಆದೀತೇ? ಡಿಸ್‌ಪ್ಲೇಯ ಎಚ್ಚರಿಕೆಗೂ ಅದನ್ನೇ ಇಡಬಹುದೇ? ‘ವೆಂಟಿಲೇಟೆಡ್ ಎನ್‌ಕ್ಲೋಶರ್’ಗೆ ‘ಗಾಳಿಯಾಡುವ ಪೆಟ್ಟಿಗೆ’ ಸರಿಯೇ?

ಉತ್ತರ: ಅಧ್ಯಾಯದ ತಲೆಬರಹಕ್ಕೆ ‘ವೈಫಲ್ಯ’ ನಡೆದೀತು, ಡಿಸ್‌ಪ್ಲೇಗೆ ಬೇಡ. ಯೋಜನೆ ವಿಫಲವಾಗುತ್ತದೆ; ಯಂತ್ರ ಕೆಡುತ್ತದೆ, ನಿಲ್ಲುತ್ತದೆ, ಕೈಕೊಡುತ್ತದೆ. ಅದಿರಲಿ, ನಿಜವಾದ ತೊಡಕು ಬೇರೆ: ಆ ಒಂದೇ ಪದದಡಿ ಮೂರು ಸ್ಥಿತಿಗಳು ಅಡಗಿವೆ. ಸೆನ್ಸರಿಗೆ ಯಾವುದು ಗೊತ್ತಾಗುತ್ತದೋ ಅಷ್ಟನ್ನೇ ಎಚ್ಚರಿಕೆ ಹೇಳಬೇಕು.

ಫ್ಯಾನಿನ ಮೂರನೇ ತಂತಿ ಬರೀ ಲಾಕ್ ಸಿಗ್ನಲ್ (ತಿರುಗುತ್ತಿದೆಯೋ ನಿಂತಿದೆಯೋ ಎಂದಷ್ಟೇ ಹೇಳುವಂಥದ್ದು) ಆಗಿದ್ದರೆ ‘ಫ್ಯಾನ್ ನಿಂತಿದೆ’ ಎನ್ನಿ. ಗ್ರೀಸ್ ಒಣಗಿ ಬೇರಿಂಗ್ ಬಿಗಿಯಾಗಿ ಫ್ಯಾನು ಅರ್ಧ ವೇಗದಲ್ಲಿ ತೆವಳುತ್ತಿದ್ದರೂ ಈ ಸಿಗ್ನಲ್ಲಿಗೆ ಎಲ್ಲವೂ ಸರಿಯೇ.

ಆ ತಂತಿ ಟ್ಯಾಕೋ (ತಿರುಗುವ ವೇಗ ತಿಳಿಸುವ ಸಿಗ್ನಲ್) ಆಗಿದ್ದರೆ ‘ಫ್ಯಾನ್ ವೇಗ ಕಡಿಮೆ’ ಎನ್ನಲು ಬರುತ್ತದೆ. ಸಾಮಾನ್ಯವಾಗಿ ರೆಕ್ಕೆಯ ಪ್ರತಿ ಸುತ್ತಿಗೂ ಎರಡು ಪಲ್ಸ್ (ವಿದ್ಯುತ್ ಮಿಡಿತ). ಸೆಕೆಂಡಿಗೆ 100 ಪಲ್ಸ್ ಬಂದರೆ ನಿಮಿಷಕ್ಕೆ 3000 ಸುತ್ತು. ಪೂರ್ಣ ವೇಗದ ಶೇ. 70ರ ಆಸುಪಾಸಿನಲ್ಲಿ ಮಿತಿ ಇಡುವುದುಂಟು. ಫ್ಯಾನು ವೇಗ ಹಿಡಿಯುವ ಮೊದಲ ಕೆಲವು ಸೆಕೆಂಡು ಅಲಾರ್ಮ್ ತಡೆದಿರಬೇಕು. ಇಲ್ಲಿ ಅನುವಾದ ಜಾರುವ ಜಾಗವೊಂದಿದೆ: ‘ಸಿಗ್ನಲ್ ಲೋ ಆದರೆ’ (ಅಂದರೆ ಅದರ ವೋಲ್ಟೇಜ್ ಕೆಳಗಿಳಿದರೆ) ಎಂದು ಬರೆಯಬೇಡಿ. ರೆಕ್ಕೆ ಯಾವ ಕೋನದಲ್ಲಿ ನಿಂತಿತು ಎಂಬುದರ ಮೇಲೆ ಟ್ಯಾಕೋ ಹೈ ಆಗಿಯೂ ಉಳಿಯಬಹುದು, ಲೋ ಆಗಿಯೂ. ‘ಪಲ್ಸ್ ಬಾರದಿದ್ದರೆ’ ಎಂಬುದೇ ಸರಿ.

ಮೂರನೆಯದು ‘ಗಾಳಿ ಹರಿವು ಕಡಿಮೆ’. ಫಿಲ್ಟರಿಗೆ ಧೂಳು ಕಟ್ಟಿದರೆ ಫ್ಯಾನು ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಟ್ಯಾಕೋಗೆ ಇದು ಕಾಣದು. ಒಳಬರುವ ಮತ್ತು ಹೊರಹೋಗುವ ಗಾಳಿಯ ತಾಪದ ಅಂತರ ಅಳೆಯಬೇಕು. ಒಳಗೆ 500 ವ್ಯಾಟ್ ಶಾಖ ಹುಟ್ಟುತ್ತಿದ್ದು ಅಂತರ 10 ಡಿಗ್ರಿ ಇದ್ದರೆ ಹರಿವು ಗಂಟೆಗೆ ಸುಮಾರು 155 ಘನ ಮೀಟರ್. ಹರಿವು ಅರ್ಧಕ್ಕಿಳಿದರೆ ಅಂತರ 20 ಡಿಗ್ರಿ. ಲೋಡ್ ಇಳಿದಾಗ ಅಂತರವೂ ಇಳಿಯುವುದರಿಂದ ಇದೊಂದನ್ನೇ ನೆಚ್ಚುವಂತಿಲ್ಲ.

ನಿಮ್ಮದು ಜೋಡಿ ಫ್ಯಾನು. ಒಂದು ನಿಂತರೆ ಅದರ ಕಿಂಡಿಯಿಂದಲೇ ಹೊರಗಾಳಿ ಒಳನುಗ್ಗಿ, ಪಕ್ಕದ ಫ್ಯಾನಿನಿಂದ ಹಾಗೇ ಹೊರಬೀಳುತ್ತದೆ. ಬಿಸಿಯಾದ ಭಾಗಗಳತ್ತ ಸುಳಿಯುವುದೇ ಇಲ್ಲ. ಸತ್ತ ಫ್ಯಾನಿನ ರೆಕ್ಕೆ ಹಿಂದುಮುಂದಾಗಿ ತಿರುಗಿ, ಅದರ ಸರ್ಕ್ಯೂಟಿಗೆ ವಿದ್ಯುತ್ತು ಬರುತ್ತಿದ್ದರೆ, ಪಲ್ಸನ್ನೂ ಕೊಡಬಹುದು! ಟ್ಯಾಕೋಗೆ ದಿಕ್ಕು ತಿಳಿಯದು. ಗಾಳಿ ಹೀಗೆ ಒಳನುಗ್ಗುವುದಕ್ಕೆ ‘ಹಿಮ್ಮುಖ ಹರಿವು’ ಎಂಬ ಪದ ಸಾಕು. ಎಚ್ಚರಿಕೆಯಲ್ಲಿ ‘ಫ್ಯಾನ್ 1’, ‘ಫ್ಯಾನ್ 2’ ಎಂಬ ಸಂಖ್ಯೆ ಬಿಡಬೇಡಿ.

‘ಗಾಳಿಯಾಡುವ’ ಎಂದರೆ ಕಿಂಡಿಯಿಂದ ತಾನಾಗಿ ಆಡುವುದು. ನಿಮ್ಮದಕ್ಕೆ ‘ಫ್ಯಾನಿನಿಂದ ಗಾಳಿ ಹಾಯಿಸುವ ಪೆಟ್ಟಿಗೆ’ ಎನ್ನಿ, ಉದ್ದವಾದರೂ ಚಿಂತೆಯಿಲ್ಲ.

ಮರುಪ್ರಶ್ನೆ: ‘ಫೇಲ್-ಸೇಫ್ ಅಲಾರ್ಮ್ ಕಾಂಟ್ಯಾಕ್ಟ್’ಗೆ?

ಉತ್ತರ: ಪದ ಹುಡುಕುವ ಬದಲು ನಡೆಯುವುದನ್ನೇ ಬರೆಯಿರಿ: ‘ಫ್ಯಾನ್ ಸರಿಯಿರುವಾಗ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಆನ್ ಇರುತ್ತದೆ, ದೋಷ ಬಂದರೆ, ತಂತಿ ತುಂಡಾದರೆ ಅಥವಾ ವಿದ್ಯುತ್ತು ಹೋದರೆ ಆಫ್ ಆಗಿ ಅಲಾರ್ಮ್ ಕೊಡುತ್ತದೆ.’ ಇದು ತಿರುಗುಮುರುಗಾದರೆ, ತುಂಡಾದ ತಂತಿಯೂ ‘ಸರಿಯಿದೆ’ ಎಂದೇ ತೋರಿಸುವಂತೆ ವೈರಿಂಗ್ ಆಗಿಬಿಡುತ್ತದೆ.