ನೌಕೆಯ ಗಾಳಿ ಶುದ್ಧ ಮಾಡೋಕೆ ಪೊರೆ ಸಾಕಾ?

ಕೆಮಿಸ್ಟ್ರಿ ಮೇಷ್ಟ್ರು: ಒಬ್ಬ ಗಗನಯಾತ್ರಿ ದಿನಕ್ಕೆ ಸುಮಾರು 1 ಕೆಜಿ ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಬಿಡುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅದನ್ನು ಜಿಯೋಲೈಟ್ ಹರಳು ಹೀರುತ್ತದೆ, ಕಾಯಿಸಿದರೆ ಬಿಟ್ಟುಕೊಡುತ್ತದೆ. ಹರಳಿನ ಪುಡಿ ವಾಲ್ವ್‌ಗಳಿಗೆ ಸಿಕ್ಕಿಕೊಂಡು ತೊಂದರೆ ಆಗಿದ್ದೂ ಉಂಟು. ಇದರ ಬದಲು ಪೊರೆ, ಅಂದರೆ ಕೆಲವು ಅನಿಲಗಳನ್ನು ಮಾತ್ರ ದಾಟಬಿಡುವ ತೆಳು ಹಾಳೆ, ಹಾಕಬೇಕು. ಒಂದು ಕಡೆ ಕ್ಯಾಬಿನ್ ಗಾಳಿ, ಇನ್ನೊಂದು ಕಡೆ ನಿರ್ವಾತ. ಕಾಯಿಸುವ ಕೆಲಸವೇ ಇಲ್ಲ.

ಶಾಲ್ಮಲಾ: ಸರ್, ಅಷ್ಟು ಸುಲಭ ಅಲ್ಲ. ಅಲ್ಲಿನ ಗಾಳಿಯಲ್ಲಿ ಈ ಅನಿಲ ಇರುವುದೇ ಶೇ. 0.5ರ ಆಸುಪಾಸು. ಪೊರೆಯಾಚೆ ತಳ್ಳೋಕೆ ಸಿಗುವ ಒತ್ತಡವೂ ಅಷ್ಟೇ. ಪೊರೆ ಸ್ವಲ್ಪ ಸಡಿಲವಾದರೂ ಆಮ್ಲಜನಕ, ಸಾರಜನಕ ಆಚೆ ಹೋಗುತ್ತವೆ.

ಕೆಮಿಸ್ಟ್ರಿ ಮೇಷ್ಟ್ರು: ಅದಕ್ಕೇ ಬರೀ ಪ್ಲಾಸ್ಟಿಕ್ ಪೊರೆ ಸಾಲದಮ್ಮಾ. ನಮ್ಮ ಕೆಂಪು ರಕ್ತಕಣದಲ್ಲಿ ಕಾರ್ಬೊನಿಕ್ ಅನ್‌ಹೈಡ್ರೇಸ್ ಅನ್ನೋ ಕಿಣ್ವ ಇದೆ. ಪೊರೆಯ ಸೂಕ್ಷ್ಮ ರಂಧ್ರಗಳಲ್ಲಿ ನೀರಿನ ಜೊತೆ ಅದನ್ನು ತುಂಬಿದರೆ, ಇಂಗಾಲದ ಡೈಆಕ್ಸೈಡ್ ಬೈಕಾರ್ಬೊನೇಟ್ ಆಗಿ ದಾಟುತ್ತದೆ, ಆ ಬದಿಯಲ್ಲಿ ಮತ್ತೆ ಅನಿಲವಾಗುತ್ತದೆ. ಸಾರಜನಕಕ್ಕೆ ಆ ದಾರಿ ಇಲ್ಲ.

ಲ್ಯಾಬ್ ಹುಡುಗ: ನಾನು ಇಂಥ ಒದ್ದೆ ಪೊರೆಗಳ ಜೊತೆ ಕೆಲಸ ಮಾಡಿದ್ದೇನೆ. ಶುಕ್ರವಾರ ಸಂಜೆ ಹೊಳೆಯುತ್ತಿದ್ದ ತುಂಡು ಸೋಮವಾರ ನೋಡಿದರೆ ಹಪ್ಪಳದ ಹಾಗೆ ಮುದುರಿ ಅಂಚಲ್ಲಿ ಬಿರುಕು ಬಿಟ್ಟಿತ್ತು. ಒಂದು ಬದಿ ನಿರ್ವಾತ ಇದ್ದರೆ ನೀರು ಇನ್ನೂ ಬೇಗ ಆರುತ್ತದೆ, ಅಲ್ವಾ? ನೀರಿನ ಬದಲು ಅಯಾನಿಕ್ ದ್ರವ (ದ್ರವರೂಪದ ಉಪ್ಪು) ಹಾಕಿದರೆ ಆರುವುದಿಲ್ಲ. ಆದರೆ ಅದು ಎಣ್ಣೆಯಂತೆ ಮಂದ, ಅನಿಲ ನಿಧಾನವಾಗಿ ದಾಟುತ್ತದೆ.

ಹಾಸನದ ಕಿರಣ್: ಗಗನಯಾನಕ್ಕೆ ಇದೆಲ್ಲ ಯಾಕೆ ಬೇಕು? 3 ಜನ, 3 ದಿನ ಅಂದರೆ 9 ಕೆಜಿ ಇಂಗಾಲದ ಡೈಆಕ್ಸೈಡ್. ಅದನ್ನು ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಪುಡಿ 10 ಕೆಜಿ ಇದ್ದರೆ ಲೆಕ್ಕಕ್ಕೆ ಸರಿಹೋಗುತ್ತದೆ, ಪೋಲು ಆಗೋದಕ್ಕೆ ಸ್ವಲ್ಪ ಜಾಸ್ತಿ ಇಟ್ಟರಾಯಿತು. 1970ರಲ್ಲಿ ಅಪೊಲೊ 13ರವರು ಈ ಪುಡಿಯ ಚೌಕ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲ, ಟೇಪು, ಸೂಟಿನ ಕೊಳವೆ ಸೇರಿಸಿ ಚಂದ್ರನೌಕೆಗೆ ಜೋಡಿಸಿ ಬದುಕಿದ್ದು ಇದೇ ಪುಡಿಯಿಂದ.

ಶಾಲ್ಮಲಾ: 3 ದಿನಕ್ಕೆ ಒಪ್ಪಿದೆ ಕಿರಣ್. ಮಂಗಳಕ್ಕೆ 4 ಜನ, 900 ದಿನ ಅಂದುಕೊಳ್ಳಿ. ಪುಡಿಯೇ ಸುಮಾರು 4 ಟನ್! ಒಮ್ಮೆ ಬಳಸಿದರೆ ಮುಗೀತು. ಅಲ್ಲಿ ಪೊರೆ ಬೇಕೇ ಬೇಕು ಅಂತ ನನಗೂ ಅನ್ನಿಸುತ್ತದೆ. ಆದರೆ ಮೇಷ್ಟ್ರೇ, ಅನಿಲವನ್ನು ಸುಮ್ನೆ ಹೊರಗೆ ಬಿಡೋಕಾಗಲ್ಲ. ಜಲಜನಕದ ಜೊತೆ ಸೇರಿಸಿ ನೀರು ಮಾಡಿಕೊಳ್ಳಬೇಕು. ಅಂದರೆ ಆ ಬದಿಯಲ್ಲಿ ಪಂಪು ಬೇಕು, ಪಂಪಿಗೆ ಕರೆಂಟು ಬೇಕು.

ಕೆಮಿಸ್ಟ್ರಿ ಮೇಷ್ಟ್ರು: ಪಂಪಿನ ಮಾತು ಸರಿ, ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಜಿಯೋಲೈಟ್ ಕಾಯಿಸುವ ಕರೆಂಟನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನಾಳೆ ಹಾಕುತ್ತೇನೆ.